ಹದಿನಾಲ್ಕನೇ ಷರತ್ತು

ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಮಂತ್ರಾಲಯವೊಂದರಲ್ಲಿ ಮೂವತ್ತಾರು ವರ್ಷ ಫೈಲು ಹೊತ್ತು ಸೆಕ್ಷನ್ ಆಫೀಸರಾಗಿ ನಿವೃತ್ತಳಾದ ನಾನು, ಬರೆದವರೇ ತಪ್ಪೊಪ್ಪಿಕೊಂಡ ಒಂದೇ ಒಂದು ಟಿಪ್ಪಣಿಯನ್ನೂ ಅಷ್ಟು ವರ್ಷಗಳಲ್ಲಿ ಕಂಡಿಲ್ಲ. ಫೈಲಿನಲ್ಲಿ ತಪ್ಪು ತಾನಾಗಿ ನಡೆದುಹೋಗಿರುತ್ತದೆ, ಮಳೆ ಬಂದ ಹಾಗೆ. ಇಲ್ಲಿ ಹಾಗಲ್ಲ. ನಾನೇ ಕೂತು, ಕನ್ನಡಕ ಹಾಕಿಕೊಂಡು, ಚಹಾ ಕುಡಿಯುತ್ತ ಮಾಡಿದ ತಪ್ಪು.

ದೆಹಲಿಯ ಮಯೂರ್ ವಿಹಾರದ ನಮ್ಮ ಹೌಸಿಂಗ್ ಸೊಸೈಟಿಯ ಹಿಂದೆ, ಪಾರ್ಕಿಗೂ ಕಾಂಪೌಂಡಿಗೂ ನಡುವೆ, ಒಂದು ತಗಡಿನ ಶೆಡ್ಡಿತ್ತು. ಒಳಗೆ ಡೀಸೆಲ್ ಜನರೇಟರು. ಅದನ್ನು ನೋಡಿಕೊಳ್ಳುತ್ತಿದ್ದವರನ್ನು ಇಡೀ ಸೊಸೈಟಿ ಜನರೇಟರ್ ಭಯ್ಯಾ ಎಂದೇ ಕರೆಯುತ್ತಿತ್ತು. ಉತ್ತರ ಪ್ರದೇಶದ ಗೋಂಡಾ ಕಡೆಯವರು, ನಲವತ್ತೈದು ದಾಟಿದವರು, ಹತ್ತೊಂಬತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿದ್ದವರು. ಒಮ್ಮೆ ತರಕಾರಿ ಚೀಲದ ಸಮೇತ ನಾನು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೆ. ಕತ್ತಲಲ್ಲಿ ಎದೆ ಹೊಡೆದುಕೊಳ್ಳುತ್ತಿದ್ದಾಗ ಹೊರಗಿನಿಂದ ಅವರ ದನಿ ಕೇಳಿತು. "ಮೇಡಂಜಿ, ಹತ್ತು ಎಣಿಸಿ." ಎಂಟು ಎನ್ನುವಷ್ಟರಲ್ಲಿ ಲಿಫ್ಟು ಹೊರಟಿತ್ತು. ಆಮೇಲೆ ಎಷ್ಟೋ ಸಲ ಕರೆಂಟು ಹೋದಾಗ ನಾನು ಸುಮ್ಮನೆ ಎಣಿಸುತ್ತಿದ್ದೆ. ಹತ್ತು ದಾಟಿದ್ದು ನೆನಪಿಲ್ಲ.

ಆ ಜನರೇಟರಿನ ಮೇಲೆ ನನಗೆ ಮಾತ್ರ ಮಹಾ ಕೋಪ. ಐದನೇ ಮಹಡಿಯ ನನ್ನ ಬಾಲ್ಕನಿ ಸರಿಯಾಗಿ ಅದರ ನೆತ್ತಿಯ ಮೇಲಿತ್ತು. ತುಳಸಿ ಎಲೆಯನ್ನು ಸವರಿದರೆ ಬೆರಳು ಕಪ್ಪು. ಬೇಸಿಗೆಯಲ್ಲಿ ಸಂಡಿಗೆ ಒಣಹಾಕಿದರೆ ಅದಕ್ಕೆ ಮಸಿಯ ಒಗ್ಗರಣೆ. ನಲವತ್ತರ ನಂತರ ಆಸ್ತಮಾ ಅಂಟಿಕೊಂಡು ಪರ್ಸಿನಲ್ಲಿ ಲಿಪ್‌ಸ್ಟಿಕ್ ಇರುವ ಜಾಗಕ್ಕೆ ಇನ್‌ಹೇಲರ್ ಬಂದಿತ್ತು. ಪ್ರತಿ ಚಳಿಗಾಲ ದೆಹಲಿಯ ಗಾಳಿ ಕೆಟ್ಟು ಡೀಸೆಲ್ ಜನರೇಟರ್ ನಿಲ್ಲಿಸಿ ಎಂದು ಆದೇಶ ಬರುತ್ತಿತ್ತು, ಚಳಿಗಾಲ ಮುಗಿದ ಕೂಡಲೇ ಮತ್ತೆ ಅದೇ ಗುಡುಗು. ಕೊನೆಗೆ ಅದನ್ನು ಪೂರ್ತಿ ತೆಗೆಸಿ ಟೆರೇಸಿನ ಮೇಲೆ ಸೋಲಾರ್, ಲಿಫ್ಟಿಗೆ ಬ್ಯಾಟರಿ ಹಾಕಿಸಬೇಕೆಂದು ಮೊದಲ ಅರ್ಜಿ ಬರೆದವಳು ನಾನೇ. ಆಗ ನಾನು ಸೊಸೈಟಿಯ ಸೆಕ್ರೆಟರಿ. ನಿವೃತ್ತರಾದ ಗುಮಾಸ್ತರನ್ನು ಯಾವ ಸೊಸೈಟಿಯೂ ಸುಮ್ಮನೆ ಕೂರಲು ಬಿಡುವುದಿಲ್ಲ.

ಅರ್ಜಿಯ ವಿಷಯವನ್ನು ಭಯ್ಯಾಗೆ ನಾನೇ ಹೇಳಿದೆ. ಹಿಂದೆ ಮುಂದೆ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದೆ. ಅವರು ಎಣ್ಣೆಯ ಕೈ ಒರೆಸಿಕೊಂಡರು.

"ಬರೀರಿ ಮೇಡಂಜಿ. ನಿಮ್ಮದು ಐದನೇ ಮಹಡಿ. ನಾನು ಇದರ ಪಕ್ಕದಲ್ಲೇ ನಿಲ್ಲೋನು. ನನ್ನ ಎದೆಯೂ ಉರಿಯುತ್ತೆ."

ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪ್ರತಿ ಮಂಗಳವಾರ, ಅವರ ರಜೆಯ ದಿನ, ಘಾಜಿಯಾಬಾದಿನ ತರಬೇತಿ ಕೇಂದ್ರವೊಂದಕ್ಕೆ ಹೋಗತೊಡಗಿದರು. ತಮ್ಮ ಅರ್ಧ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಸೋಲಾರ್ ಪ್ಯಾನಲಿನ ವೈರಿಂಗು, ಬ್ಯಾಟರಿ, ಇನ್ವರ್ಟರು ಎಲ್ಲ ಕಲಿತರು. ನಾಲ್ಕು ತಿಂಗಳ ಮೇಲೆ ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು ತಂದು ನನ್ನ ಕೈಗಿಟ್ಟರು. ನಾನು ನಕ್ಕು, "ಇನ್ನೇನು ಭಯ್ಯಾ, ಶೆಡ್ಡಿನಿಂದ ಟೆರೇಸಿಗೆ ಪ್ರಮೋಷನ್" ಎಂದೆ. ಅವರೂ ನಕ್ಕರು. ನಾನು ಮಾತು ಕೊಟ್ಟಿದ್ದೇನೆ ಎಂದು ಅವರು ತಿಳಿದರು. ತಿಳಿದದ್ದು ಸರಿಯಾಗಿಯೇ ಇತ್ತು, ನಾನು ಕೊಟ್ಟೇ ಇದ್ದೆ.

ಆಮೇಲೆ ಟೆಂಡರ್ ಬರೆಯುವ ಕೆಲಸ ಬಂತು. ನಮ್ಮ ಆಫೀಸಿನ ಪದ್ಧತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಲ್ಲಿ ಯಾರೂ ಏನನ್ನೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಫೈಲು ತೆಗೆದು, ಹಿಂದಿನ ಸಲ ಹೇಗೆ ಬರೆದಿದ್ದರು ನೋಡಿ, ಹೆಸರು ತಾರೀಖು ಬದಲಾಯಿಸಿ ಮೇಲಕ್ಕೆ ಕಳಿಸುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಲಧಿಕಾರಿಯೊಬ್ಬರು, ಹೊಸ ವಾಕ್ಯ ಬರೆದವನು ಹೊಸ ತಲೆನೋವು ತಂದುಕೊಂಡ ಹಾಗೆ ಎಂದು ಕಿವಿಮಾತು ಹೇಳಿದ್ದರು. ಆ ಮಾತನ್ನು ನಾನು ವೇದವಾಕ್ಯದಂತೆ ಪಾಲಿಸಿ ಒಂದು ಮೆಮೋ ಕೂಡ ಇಲ್ಲದೆ ನಿವೃತ್ತಳಾದೆ. ಮನೆಯ ಕಬ್ಬಿಣದ ಕಪಾಟಿನಲ್ಲಿ ಅಂಥ ಹಳೆಯ ಮಾದರಿಗಳ ಒಂದು ಕಟ್ಟೇ ಇದೆ. ಒಂದು ಮಧ್ಯಾಹ್ನ ಅದರಿಂದ ಏರ್ ಕಂಡೀಷನರ್ ನಿರ್ವಹಣೆಯ ಟೆಂಡರೊಂದನ್ನು ತೆಗೆದೆ. ಕಚೇರಿ ಎಂದಿದ್ದಲ್ಲೆಲ್ಲ ಸೊಸೈಟಿ ಎಂದು ಹಾಕಿದೆ, ಏರ್ ಕಂಡೀಷನರ್ ಎಂದಿದ್ದಲ್ಲೆಲ್ಲ ಸೋಲಾರ್ ಎಂದು ಹಾಕಿದೆ. ಇಪ್ಪತ್ತೆರಡು ಷರತ್ತುಗಳ ಅಚ್ಚುಕಟ್ಟಾದ ದಾಖಲೆ ತಯಾರಾಯಿತು. ಅಧ್ಯಕ್ಷರು ಓದಿ, "ವಾಹ್ ಮೇಡಂ, ಮಂತ್ರಾಲಯದ ಕೈ ಅಂದರೆ ಮಂತ್ರಾಲಯದ ಕೈ" ಎಂದರು. ನನಗೆ ಅಟ್ಟ ಏರಿದಷ್ಟು ಸಂತೋಷ.

ಹಳೆಯ ಶೆಡ್ಡಿನ ಪಕ್ಕ ಪೂಜೆಯಾಯಿತು. ಟೆರೇಸಿನ ಪ್ಯಾನಲುಗಳಿಗೆ ಚೆಂಡುಹೂವಿನ ಹಾರ ಬಿತ್ತು. ಜನರೇಟರನ್ನು ಕ್ರೇನು ಎತ್ತಿ ಲಾರಿಗೆ ಇಳಿಸುವಾಗ ಭಯ್ಯಾ ಅದರ ಹೊಟ್ಟೆಯನ್ನು ಎರಡು ಸಲ ತಟ್ಟಿದರು, ಎಮ್ಮೆ ಮಾರಿದವರು ಕೊನೆಯ ಸಲ ತಟ್ಟುವ ಹಾಗೆ. ಅಧ್ಯಕ್ಷರು ಅವರಿಗೊಂದು ಶಾಲು ಹೊದಿಸಿ ಮಿಠಾಯಿ ಡಬ್ಬಿ ಕೊಟ್ಟರು. ಭಯ್ಯಾ ಶಾಲನ್ನು ನೋಡಿದರು, ನನ್ನನ್ನು ನೋಡಿದರು. ಶಾಲು ಯಾಕೆ ಎಂದು ನನಗೂ ಆಗ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಅವರು ನನ್ನ ಬಾಗಿಲಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸರ್ಟಿಫಿಕೇಟು. ಟೆರೇಸಿನ ಬಾಗಿಲಲ್ಲಿ ಸೋಲಾರ್ ಕಂಪನಿಯ ಸೂಪರ್‌ವೈಸರ್ ತಡೆದನಂತೆ. ನಾನು ಚಪ್ಪಲಿ ಮೆಟ್ಟಿಕೊಂಡು ದಡದಡ ಮೇಲೆ ಹೋದೆ, ಏನೋ ದೊಡ್ಡ ಅಧಿಕಾರ ಚಲಾಯಿಸುವವಳ ಹಾಗೆ. ಆ ಸೂಪರ್‌ವೈಸರ್ ಒಳ್ಳೆಯ ಹುಡುಗನೇ. ಮೊಬೈಲು ತೆಗೆದು ನನ್ನದೇ ದಾಖಲೆಯನ್ನು ನನಗೆ ತೋರಿಸಿದ.

"ಮೇಡಂ, ಹದಿನಾಲ್ಕನೇ ಷರತ್ತು. ಕೆಳಗೆ ಸಹಿ ನಿಮ್ಮದೇ."

ಈ ಹಿಂದೆ ಸದರಿ ಸೊಸೈಟಿಯಲ್ಲಿ ಯಾವುದೇ ಕೆಲಸ ನಿರ್ವಹಿಸಿದ ವ್ಯಕ್ತಿಯನ್ನು ಗುತ್ತಿಗೆದಾರರು ನೇಮಿಸಿಕೊಳ್ಳತಕ್ಕದ್ದಲ್ಲ. ಅಲ್ಲಿ ಹಾಗೆ ಬರೆದಿತ್ತು. ಅದು ಎಲ್ಲಿಂದ ಬಂತೆಂದು ಓದಿದ ಕ್ಷಣವೇ ನನಗೆ ನೆನಪಾಯಿತು. ಮಂತ್ರಾಲಯದಲ್ಲಿ ವರ್ಷಗಟ್ಟಲೆ ದಿನಗೂಲಿಗೆ ದುಡಿದವರು ಕೋರ್ಟಿಗೆ ಹೋಗಿ ನಮ್ಮನ್ನು ಕಾಯಂ ಮಾಡಿ ಎಂದು ಕೇಳುತ್ತಿದ್ದರು. ಹಾಗೆ ಕೇಳಲು ಯಾರೂ ಉಳಿಯಬಾರದೆಂದು ಹುಡುಕಿದ ಉಪಾಯ ಆ ಷರತ್ತು. ಬೇಸಿಗೆಯಲ್ಲಿ ನಮ್ಮ ವಿಭಾಗದ ಕೂಲರುಗಳಿಗೆ ನೀರು ತುಂಬುತ್ತಿದ್ದ ಒಬ್ಬರು ಆ ಷರತ್ತು ಬಂದ ವರ್ಷದಿಂದ ಕಾಣಿಸಲಿಲ್ಲ. ಹನ್ನೆರಡು ಬೇಸಿಗೆ ನನ್ನ ಬೆನ್ನ ಹಿಂದೆ ನೀರು ಹೊತ್ತವರು ಎಲ್ಲಿ ಹೋದರೆಂದು ನಾನು ಆಗ ಕೇಳಲಿಲ್ಲ. ಕೂಲರಿಗೆ ನೀರು ಬರುತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು.

ಕೆಳಗೆ ಬಂದೆ. ಭಯ್ಯಾ ನನ್ನ ಬಾಗಿಲ ಬಳಿಯೇ ನಿಂತಿದ್ದರು.

"ಯಾರು ಬರೆದದ್ದು ಮೇಡಂಜಿ?" ಎಂದು ಕೇಳಿದರು.

"ನಾನೇ."

ನೆಪ ಹೇಳಬಹುದಿತ್ತು. ಕಮಿಟಿ ಎನ್ನಬಹುದಿತ್ತು, ಕಂಪನಿ ಎನ್ನಬಹುದಿತ್ತು. ನಾಲಗೆ ತುದಿಗೆ ಎರಡೂ ಬಂದಿದ್ದವು. ಹೇಳದೆ ನುಂಗಿದ್ದು ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ.

ಭಯ್ಯಾ ಸರ್ಟಿಫಿಕೇಟನ್ನು ಕಂಕುಳಿಗೆ ಸೇರಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸೆಕ್ರೆಟರಿಗಳನ್ನ ಕೇಳಿದೆ, ನಾನು ಇಲ್ಲಿ ಕೆಲಸ ಮಾಡ್ತೀನಿ ಅಂತ ಒಂದು ಕಾಗದ ಕೊಡಿ ಅಂತ. ಯಾರೂ ಕೊಡಲಿಲ್ಲ. ಕಾಗದವೇ ಇಲ್ಲ ಅಂದಮೇಲೆ ಪಿಎಫ್ ಎಲ್ಲಿಂದ ಬರುತ್ತೆ. ನೀವು ಕೊಟ್ರಿ ನೋಡಿ ಮೇಡಂಜಿ. ಇವನು ಇಲ್ಲಿ ಕೆಲಸ ಮಾಡಿದ್ದ, ಅದಕ್ಕೇ ಇವನು ಬೇಡ ಅಂತ."

ಅಂದು ನನಗೆ ಊಟ ಸೇರಲಿಲ್ಲ. ನಾಚಿಕೆಗೆ ರುಚಿ ಇರುತ್ತದೆ. ಬಾಯಿ ತೊಳೆದರೂ ಹೋಗುವುದಿಲ್ಲ.

ಅಧ್ಯಕ್ಷರ ಹತ್ತಿರ ಹೋದೆ. ಬ್ಯಾಂಕಿನಿಂದ ನಿವೃತ್ತರಾದ ಸಭ್ಯ ಮನುಷ್ಯ, ಎಲ್ಲದಕ್ಕೂ ಒಂದು ಮಧ್ಯದ ದಾರಿ ಹುಡುಕುವವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಮೇಡಂ, ಟೆಂಡರ್ ಆಗಿಹೋಯಿತು, ಬಿಡಿ. ಆ ಭಯ್ಯಾನ ಗೇಟಿಗೆ ಹಾಕೋಣ. ಸೆಕ್ಯೂರಿಟಿ ಏಜೆನ್ಸಿಗೆ ನಾನು ಹೇಳ್ತೀನಿ" ಎಂದರು. ಆ ಏಜೆನ್ಸಿ ಆರು ತಿಂಗಳಿಗೊಮ್ಮೆ ಗಾರ್ಡುಗಳನ್ನು ಬದಲಾಯಿಸುತ್ತದೆ, ದಿನಕ್ಕೆ ಹನ್ನೆರಡು ಗಂಟೆ ನಿಲ್ಲಿಸುತ್ತದೆ. ಅಧ್ಯಕ್ಷರಿಗೂ ಅದು ಗೊತ್ತಿತ್ತು. ಈ ಮಾತನ್ನು ಭಯ್ಯಾಗೆ ತಲುಪಿಸಿದಾಗ ಅವರು ನನ್ನ ಮುಖವನ್ನೂ ನೋಡದೆ, "ನಾನು ಬಿಜ್ಲಿ, ಕರೆಂಟಿನ ಕೆಲಸದವನು ಮೇಡಂಜಿ. ಬಾಗಿಲು ತೆಗೆಯೋದು ಕೀಳು ಕೆಲಸ ಅಂತಲ್ಲ. ಅದು ನನ್ನ ಕೆಲಸ ಅಲ್ಲ" ಎಂದರು.

ಮರುದಿನದಿಂದ ಅವರು ಹೊಸ ಡ್ಯೂಟಿ ಶುರುಮಾಡಿದರು. ಶೆಡ್ಡು ಹೋಗಿ ಉಳಿದಿದ್ದ ಸಿಮೆಂಟಿನ ಕಟ್ಟೆಯ ಮೇಲೆ ಬೆಳಗ್ಗೆ ಒಂಬತ್ತಕ್ಕೆ ಬಂದು ಕೂರುವುದು, ಸಂಜೆ ಆರಕ್ಕೆ ಎದ್ದು ಹೋಗುವುದು. ಮೈಮೇಲೆ ಜನರೇಟರ್ ಡ್ಯೂಟಿಯ ಅದೇ ಖಾಕಿ ಅಂಗಿ. ಯಾರನ್ನೂ ಏನೂ ಕೇಳುವುದಿಲ್ಲ, ಘೋಷಣೆ ಇಲ್ಲ, ಬೋರ್ಡಿಲ್ಲ. ಬೆಳಗಿನ ಹೊತ್ತು ಸುತ್ತಲಿನ ಮನೆಗಳಲ್ಲಿ ಫ್ಯಾನು ಗೀಸರು ರಿಪೇರಿ ಮಾಡಿ ಹೊಟ್ಟೆ ಹೊರೆದುಕೊಂಡು, ಒಂಬತ್ತಕ್ಕೆ ಸರಿಯಾಗಿ ಹಾಜರು. ಅಧ್ಯಕ್ಷರು ಎರಡು ಸಲ ಗಾರ್ಡನ್ನು ಕಳಿಸಿ ಎಬ್ಬಿಸಿದರು. ಎರಡು ಸಲವೂ ಎದ್ದು, ಗಾರ್ಡು ಹೋದಮೇಲೆ ಕೂತರು. ನನ್ನ ಬಾಲ್ಕನಿಗೆ ಈಗ ಹೊಗೆ ಬರುತ್ತಿರಲಿಲ್ಲ. ತುಳಸಿ ಹಸುರಾಗಿತ್ತು. ಅದಕ್ಕೆ ನೀರು ಹಾಕುವಾಗಲೆಲ್ಲ ಕೆಳಗೆ ಕಟ್ಟೆಯ ಮೇಲೆ ಆ ಖಾಕಿ ಅಂಗಿ.

ಟೆರೇಸಿನ ಮೇಲೆ ಅವರ ಬದಲು ಬಂದವರು ನರೆತ ತಲೆಯ ಒಬ್ಬ ಹಿರಿಯರು. ಝಾನ್ಸಿ ಕಡೆಯವರು. ಮೊದಲು ಘಾಜಿಯಾಬಾದಿನಾಚೆ ಇಟ್ಟಿಗೆ ಗೂಡೊಂದರಲ್ಲಿದ್ದರಂತೆ. ಹೊಗೆಯೆಂದು ಗೂಡು ಮುಚ್ಚಿಸಿದರು, ಇವರು ಕಂಪನಿಯ ಗುತ್ತಿಗೆದಾರನ ಕೆಳಗಿನ ಗುತ್ತಿಗೆದಾರನ ಕೈಗೆ ಬಂದರು. ಯಾರ ಕೆಳಗೆ ಕೆಲಸ ಮಾಡುತ್ತೀರಿ ಎಂದರೆ ಮೇಲೆ ನೋಡಿ ಕೈ ತಿರುಗಿಸುತ್ತಿದ್ದರು. ಹವಾಯಿ ಚಪ್ಪಲಿ ಹಾಕಿ, ಉದ್ದ ಕೋಲಿನ ವೈಪರ್ ಹಿಡಿದು, ಏಳು ಮಹಡಿಯ ಮೇಲೆ ಮೋಟುಗೋಡೆಯ ಅಂಚಿನಲ್ಲೇ ನಡೆದು ಪ್ಯಾನಲು ತೊಳೆಯುತ್ತಿದ್ದರು. ಹಗ್ಗವಿಲ್ಲ, ಬೆಲ್ಟಿಲ್ಲ. ಒಂದು ದಿನ ನಾನು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿಕೊಳ್ಳುವುದು ನನಗೆ ಚೆನ್ನಾಗಿ ಅಭ್ಯಾಸವಾಗಿದೆ ಎಂದು ಆಗ ಅನಿಸಿತು.

ಮೊದಮೊದಲು ಭಯ್ಯಾ ಆ ಹಿರಿಯರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಮ್ಮ ತಟ್ಟೆಯನ್ನು ಕಿತ್ತುಕೊಂಡವರು ಎಂಬ ಸಿಟ್ಟು ಕಾಣುತ್ತಿತ್ತು. ಆಮೇಲೆ ಒಂದು ಉರಿಬಿಸಿಲಿನ ಮಧ್ಯಾಹ್ನ ಸೂಪರ್‌ವೈಸರ್ ಆ ಹಿರಿಯರಿಂದ ಕಾದ ಗಾಜಿನ ಮೇಲೆ ತಣ್ಣೀರು ಸುರಿಸಿದ. ಒಂದು ಪ್ಯಾನಲು ಬಿರುಕುಬಿಟ್ಟಿತು. ಕಂಪನಿಗೆ ಹೋದ ವರದಿಯಲ್ಲಿ, ಕೋತಿಗಳ ಹಾವಳಿ ಎಂದು ಬರೆದಿತ್ತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಎಂದು ನಮ್ಮಲ್ಲಿ ಹೇಳುತ್ತಾರೆ. ಇಲ್ಲಿ ಪಾಪ, ಕೋತಿಯ ಬಾಯಿಗೇ ಒರೆಸಿದ್ದರು. ಹಿರಿಯರಿಗೆ ಮಾತ್ರ ಬೈಗುಳ ತಪ್ಪಲಿಲ್ಲ. ಅಂದು ಸಂಜೆ ಕಟ್ಟೆಯ ಮೇಲೆ ಅವರಿಬ್ಬರೂ ಕೂತು ಚಹಾ ಕುಡಿಯುತ್ತಿದ್ದರು. ಬಿಸಿಲೇರುವ ಮುಂಚೆ ತೊಳೆಯಬೇಕು ಚಾಚಾ ಎಂದು ಭಯ್ಯಾ ಕೈಯಾಡಿಸಿ ವಿವರಿಸುತ್ತಿದ್ದದ್ದು ನನ್ನ ಬಾಲ್ಕನಿಯವರೆಗೂ ಕೇಳಿತು.

ಭಾನುವಾರ ಮಗಳು ಬಂದಳು. ಗುರುಗ್ರಾಮದ ಒಂದು ಆಫೀಸಿನಲ್ಲಿ ದೊಡ್ಡ ದೊಡ್ಡ ಕಂಪನಿಗಳಿಗೆ ಪರಿಸರದ ವರದಿ ಬರೆದುಕೊಡುವುದು ಅವಳ ಕೆಲಸ. ದೆಹಲಿಯಲ್ಲೇ ಬೆಳೆದವಳು, ಅವಳ ಕನ್ನಡ ಬಿಸಿಬೇಳೆಬಾತಿನ ಹಾಗೆ, ಏನೇನು ಬಿದ್ದಿದೆಯೋ ಹೇಳಲಾಗದು.

"ಅಮ್ಮ, ನೋಡು ನಾ, ನಿಮ್ಮ ಸೊಸೈಟಿಯಲ್ಲಿ ಒಂದು ಡರ್ಟಿ ಜಾಬ್ ಹೋಯ್ತು, ಒಂದು ಗ್ರೀನ್ ಜಾಬ್ ಬಂತು. ರಿಪೋರ್ಟ್‌ನಲ್ಲಿ ಇದು ಪಾಸಿಟಿವ್ ಅಂತಾನೇ ಬರುತ್ತೆ" ಎಂದಳು.

"ಯಾವುದೇ ಅದು ಜಾಬು? ಆ ಮನುಷ್ಯನ ಹತ್ರ ಒಂದು ಚೀಟಿ ಇಲ್ಲ. ನಾಳೆ ಕಾಲು ಜಾರಿದ್ರೆ, ಇವರು ಯಾರೋ ನಮಗೆ ಗೊತ್ತೇ ಇಲ್ಲ ಅಂತಾರೆ. ಹಸಿರು ಬಣ್ಣ ಬಳಿದ್ರೆ ಕೂಲಿ ನೌಕರಿ ಆಗುತ್ತಾ?"

"ಅಚ್ಛಾ, ಗುಸ್ಸಾ ಮತ್ ಕರೋ, ಸಿಟ್ಟು ಬೇಡ. ಆದ್ರೆ ಕಾಂಟ್ರಾಕ್ಟ್ ಸೈನ್ ಆಗಿದೆ. ಈಗ ನೀನು ಏನು ಮಾಡಕ್ಕಾಗುತ್ತೆ?"

ಏನು ಮಾಡಲಾಗುತ್ತದೆಂದು ಅವಳು ಹೋದಮೇಲೆ ಹುಡುಕಿದೆ. ಸಿಕ್ಕಿತು. ಪ್ಯಾನಲು ಹಾಕುವ ಗುತ್ತಿಗೆಗೆ ಮಾತ್ರ ಸಹಿಯಾಗಿತ್ತು. ಐದು ವರ್ಷ ಅದನ್ನು ನೋಡಿಕೊಳ್ಳುವ ಕರಾರು ಬೇರೆ, ಅದಕ್ಕೆ ಸೆಕ್ರೆಟರಿಯ ಸಹಿ ಇನ್ನೂ ಬೀಳಬೇಕಿತ್ತು. ಅದೇ ಇಪ್ಪತ್ತೆರಡು ಷರತ್ತುಗಳು, ಅದೇ ಹದಿನಾಲ್ಕು. ಸರ್ಕಾರಿ ಕೆಲಸದಲ್ಲಿ ಹೊರಡಿಸಿದ ಕಾಗದದಲ್ಲಿ ತಪ್ಪಿದ್ದರೆ ತಿದ್ದುಪಡಿ ಎಂದು ಇನ್ನೊಂದು ಕಾಗದ ಹೊರಡಿಸುತ್ತೇವೆ. ಸಾವಿರಾರು ತಿದ್ದುಪಡಿ ಬರೆದವಳು ನಾನು, ಎಲ್ಲವೂ ಅಕ್ಷರ ತಾರೀಖುಗಳದ್ದು. ಈ ಸಲ ಬರೆದ ತಿದ್ದುಪಡಿಯ ಮೊದಲ ಸಾಲು, ಹದಿನಾಲ್ಕನೇ ಷರತ್ತು ಕೆಳಗೆ ಸಹಿ ಮಾಡಿರುವವಳ ತಪ್ಪು ಎಂದಿತ್ತು. ಅದನ್ನು ಅಧ್ಯಕ್ಷರಿಗೆ ಕೊಟ್ಟು, ಇದು ಸೇರುವವರೆಗೆ ಕರಾರಿಗೆ ನನ್ನ ಸಹಿ ಇಲ್ಲ ಎಂದೆ.

"ಮೇಡಂ, ಕರಾರಿಲ್ಲದೆ ಕಂಪನಿ ಬ್ಯಾಟರಿ ಬಂದ್ ಮಾಡುತ್ತೆ. ಕರೆಂಟ್ ಹೋದರೆ ಲಿಫ್ಟ್ ಇಲ್ಲ. ನಿಮಗೆ ಆಸ್ತಮಾ, ಐದನೇ ಮಹಡಿ. ಯೋಚನೆ ಮಾಡಿ."

"ಯೋಚನೆ ಮಾಡಿದ್ದೀನಿ. ಹತ್ತಿಕೊಂಡು ಹೋಗ್ತೀನಿ."

ಕಂಪನಿ ಬ್ಯಾಟರಿ ನಿಲ್ಲಿಸಿತು. ಆ ಜೂನಿನಲ್ಲೇ ನಮ್ಮ ಕಡೆಯ ಟ್ರಾನ್ಸ್‌ಫಾರ್ಮರು ಕೈಕೊಟ್ಟು ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗತೊಡಗಿತು. ಹೋದರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಹತ್ತಿದೆ. ಪ್ರತಿ ಮಹಡಿಯಲ್ಲೂ ನಿಂತು, ಗೋಡೆಗೊರಗಿ, ಹತ್ತು ಎಣಿಸಿ, ಮತ್ತೆ ಹತ್ತಿದೆ. ಮೂರನೇ ಮಹಡಿಯಲ್ಲಿ ಇನ್‌ಹೇಲರ್. ಏಳನೇ ಮಹಡಿಯ ಅಜ್ಜಿಯೊಬ್ಬರು ಸಂಜೆಯ ಸತ್ಸಂಗ ತಪ್ಪಿಸಿಕೊಂಡು, ನನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ಅವರದು ನ್ಯಾಯವಾದ ಸಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು ಅವರ ಪಾಡು. ನನ್ನ ಬಾಗಿಲಿಗೆ ಯಾರೋ ಚೀಟಿ ಅಂಟಿಸಿದರು, ಒಬ್ಬ ನೌಕರನಿಗಾಗಿ ಎಂಬತ್ತು ಮನೆಗೆ ಶಿಕ್ಷೆ ಎಂದು. ಚೀಟಿಯನ್ನು ತೆಗೆಯಲಿಲ್ಲ. ನೌಕರ ಎಂದು ಒಪ್ಪಿಕೊಂಡಿದ್ದಾರಲ್ಲ, ಅಷ್ಟಾದರೂ ಬರವಣಿಗೆಯಲ್ಲಿರಲಿ ಎಂದು ಬಿಟ್ಟೆ.

ಹನ್ನೆರಡನೇ ದಿನ ನನ್ನನ್ನು ಸೆಕ್ರೆಟರಿ ಸ್ಥಾನದಿಂದ ತೆಗೆಯಲು ಸಭೆ ಕರೆದರು. ಭಾನುವಾರ ಬೆಳಗ್ಗೆ, ಸೊಸೈಟಿಯ ಹಾಲಿನಲ್ಲಿ. ಹೋಗುವ ಮುನ್ನ ದೇವರ ಗೂಡಿನ ಪಟದ ಹಿಂದೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರು ತೆಗೆದುಕೊಂಡೆ. ನನ್ನ ನೇಮಕಾತಿ ಪತ್ರ. ಅದು ಊರಿಗೆ ಬಂದ ದಿನ ಅಪ್ಪ ಓದಲಿಲ್ಲ, ನೇರ ದೇವರ ಮುಂದಿಟ್ಟು ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿದರು, ಮದುವೆಯ ಮೊದಲ ಕರೆಯೋಲೆಗೆ ಹಚ್ಚುವ ಹಾಗೆ. ನಮ್ಮಂಥ ಮನೆಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ದೆಹಲಿಗೆ ಬಂದಮೇಲೆ ಐದು ಮನೆ ಬದಲಾಯಿಸಿದೆ, ಪ್ರತಿ ಮನೆಯಲ್ಲೂ ಅದು ಪಟದ ಹಿಂದೆಯೇ ಇತ್ತು.

ಸಭೆಯಲ್ಲಿ ಅಧ್ಯಕ್ಷರು ಮೊದಲು ಮಾತಾಡಿ, ಭಯ್ಯಾ ಒಳ್ಳೆಯ ಕೆಲಸಗಾರ, ದಯೆಯಿಂದ ಏನಾದರೂ ಮಾಡೋಣ, ಆದರೆ ಷರತ್ತು ಷರತ್ತೇ ಎಂದರು. ನಾನು ಎದ್ದೆ. ತಿದ್ದುಪಡಿಯ ಮೊದಲ ಸಾಲನ್ನು ಓದಿದೆ. ಆಮೇಲೆ ಪತ್ರವನ್ನು ಕವರಿನಿಂದ ತೆಗೆದು ಎತ್ತಿ ಹಿಡಿದೆ.

"ಇದು ನನ್ನ ನೇಮಕಾತಿ ಪತ್ರ. ಇಲ್ಲಿ ಕೂತಿರೋ ಮುಕ್ಕಾಲು ಜನ ಸರ್ಕಾರಿ ನೌಕರಿ ಮಾಡಿದವರು. ನಿಮ್ಮ ನಿಮ್ಮ ಪತ್ರ ಯಾವ ಪೆಟ್ಟಿಗೆಯಲ್ಲಿದೆ, ಯಾವ ಕಪಾಟಿನಲ್ಲಿದೆ, ಈಗಲೇ ಹೇಳಬಲ್ಲಿರಿ. ಅದರ ಮೇಲೆ ಮನೆ ಕೊಂಡಿರಿ, ಮಕ್ಕಳನ್ನ ಓದಿಸಿದಿರಿ, ಕಾಯಿಲೆ ಬಿದ್ದಾಗ ರಜೆ ಹಾಕಿದಿರಿ. ಗಾಳಿ ಚೆನ್ನಾಗಿರಲಿ ಅಂತ ಜನರೇಟರ್ ತೆಗೆಸಿದವಳು ನಾನು, ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಆ ಗಾಳಿಯ ಖರ್ಚನ್ನ ಎಂಬತ್ತು ಮನೆಯಲ್ಲಿ ಯಾರೂ ಹೊರದೆ ಕಾಗದವಿಲ್ಲದ ಒಬ್ಬರ ಹೆಗಲಿಗೆ ಹಾಕೋದಕ್ಕೆ ನನ್ನ ಸಹಿ ಸಿಗಲ್ಲ. ದಯೆ ಬೇಡ. ದಯೆ ಅಧ್ಯಕ್ಷರು ಬದಲಾದಾಗ ಬದಲಾಗುತ್ತೆ. ಕಾಗದ ಕೊಡಿ. ನನ್ನನ್ನ ತೆಗೆಯಬೇಕಾದರೆ ತೆಗೀರಿ, ಹೊಸ ಸೆಕ್ರೆಟರಿ ಆ ಹದಿನಾಲ್ಕನೇ ಷರತ್ತನ್ನ ಓದಿ ಸಹಿ ಮಾಡಲಿ."

ಹಿಂದೆ ಕೂತಿದ್ದ ಒಬ್ಬರು, ಭಾಷಣ ಸಾಕು ಎಂದರು. ನಾನು ಕೂತೆ. ಯಾರು ಸೆಕ್ರೆಟರಿಯಾಗುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ಯಾರೂ ಕೈಯೆತ್ತಲಿಲ್ಲ. ನನ್ನ ಮಾತಿಗೆ ಮನಸ್ಸು ಕರಗಿತೆಂದು ನಾನು ಹೇಳುವುದಿಲ್ಲ, ಆ ಕೆಲಸ ಯಾರಿಗೂ ಬೇಡದೆಯೂ ಇದ್ದಿರಬಹುದು. ಕೊನೆಗೆ ತಿದ್ದುಪಡಿಯನ್ನೇ ಮತಕ್ಕೆ ಹಾಕಿದರು. ಅದರ ಪರವಾಗಿ ಮೊದಲು ಕೈಯೆತ್ತಿದ್ದು ಏಳನೇ ಮಹಡಿಯ ಅಜ್ಜಿ. ಅವರ ಗಂಡ ರೈಲ್ವೆಯಲ್ಲಿದ್ದರು, ಕುಟುಂಬ ಪಿಂಚಣಿಯಲ್ಲಿ ಬದುಕುವವರು. ಆಮೇಲೆ ಒಂದೊಂದೇ ಕೈ ಎದ್ದವು. ಬೇಕಾದಷ್ಟು ಎದ್ದವು.

ಹೊಸ ಹದಿನಾಲ್ಕನೇ ಷರತ್ತು ಹೀಗಾಯಿತು. ಈ ಹಿಂದೆ ಇಲ್ಲಿ ಕೆಲಸ ಮಾಡಿದವರಿಗೆ ಮೊದಲ ಹಕ್ಕು. ನೇಮಕಾತಿ ಪತ್ರ, ಪಿಎಫ್, ಇಎಸ್ಐ. ಟೆರೇಸಿನ ಮೇಲೆ ಹಗ್ಗ, ಬೆಲ್ಟು. ಕಂಪನಿ ಬದಲಾದರೂ ಕೆಲಸಗಾರ ಬದಲಾಗತಕ್ಕದ್ದಲ್ಲ. ಸುತ್ತಲಿನ ಸೊಸೈಟಿಗಳ ಮೇಲೂ ಕಣ್ಣಿಟ್ಟಿದ್ದ ಕಂಪನಿ ಒಂದು ವಾರ ಗೊಣಗಿ ಒಪ್ಪಿಕೊಂಡಿತು. ಭಯ್ಯಾನ ಪತ್ರವನ್ನು ಕಳಿಸಿಕೊಟ್ಟಿತು. ಅವರು ಸಹಿ ಹಾಕಿದ ಮೇಲೆ ನಾನು ಕರಾರಿಗೆ ಸಹಿ ಹಾಕುವುದು, ಅದಾದ ಮೇಲೆ ಬ್ಯಾಟರಿ ಚಾಲೂ ಎಂದು ಮಾತಾಗಿತ್ತು.

ನಾನೇ ಕೆಳಗೆ ತೆಗೆದುಕೊಂಡು ಹೋದೆ. ಹೋಗುವ ಮುನ್ನ ಮೂಲೆಗೆ ಒಂದಿಷ್ಟು ಕುಂಕುಮ ಹಚ್ಚಿದ್ದೆ. ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಭಯ್ಯಾ ಕಟ್ಟೆಯ ಮೇಲಿದ್ದರು. ಪೆನ್ನು ಕೊಟ್ಟೆ. ಅವರು ಸಹಿ ಹಾಕಲಿಲ್ಲ. ಪತ್ರವನ್ನು ತೊಡೆಯ ಮೇಲಿಟ್ಟು, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ಹಿಂದಿಯಲ್ಲಿ ಮೆಲ್ಲಗೆ ಓದತೊಡಗಿದರು. ನಾನು ಬಿಸಿಲಲ್ಲಿ ನಿಂತೆ. ನಾನು ತಂದ ಯಾವ ಕಾಗದವನ್ನೂ ಅವರು ಇನ್ನು ಓದದೆ ನಂಬುವುದಿಲ್ಲ ಎಂದು ಅರ್ಥವಾಯಿತು. ಅದು ಸರಿಯೇ.

ಓದಿ ಮುಗಿಸಿ ಕೇಳಿದರು. "ಚಾಚಾದು ಎಲ್ಲಿ?"

"ಯಾರದು?"

"ಮೇಲೆ ಪ್ಯಾನಲು ತೊಳೆಯೋ ಚಾಚಾ. ಒಂದೇ ಹುದ್ದೆ, ಇವನು ಬಂದ ಅಂದಮೇಲೆ ನೀನು ಸೋಮವಾರದಿಂದ ಬರಬೇಡ ಅಂತ ಸೂಪರ್‌ವೈಸರ್ ಹೇಳಿದಾನೆ. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಕೂಲರಿಗೆ ನೀರು ಬರುತ್ತಿತ್ತಲ್ಲ, ಹಾಗೆ.

"ಚಾಚಾ ಇಲ್ಲಿ ದುಡಿಯೋಕೆ ಶುರುಮಾಡಿ ಮೂರು ತಿಂಗಳಾಯ್ತು," ಭಯ್ಯಾ ಹೇಳಿದರು. "ಈ ಹಿಂದೆ ಇಲ್ಲಿ ಕೆಲಸ ಮಾಡಿದವರಿಗೆ ಮೊದಲ ಹಕ್ಕು ಅಂತ ನೀವೇ ಬರೆದಿದ್ದೀರಿ. ಅದನ್ನ ಯೋಚನೆ ಮಾಡಿ ಬರೆದದ್ದಾ ಮೇಡಂಜಿ, ಇಲ್ಲ ಮತ್ತೆ ಯಾವುದಾದ್ರೂ ಹಳೇ ಫೈಲ್ ನೋಡಿ ಬರೆದದ್ದಾ?"

"ನೀವು ಸಹಿ ಹಾಕಿ ಭಯ್ಯಾ. ಚಾಚಾ ವಿಷಯ ಆಮೇಲೆ ನಾನು ನೋಡ್ತೀನಿ."

"ಆಮೇಲೆ ಅನ್ನೋದನ್ನ ನಾನು ಹತ್ತೊಂಬತ್ತು ವರ್ಷ ಕೇಳಿದೀನಿ." ಪೆನ್ನಿಗೆ ಕ್ಯಾಪು ಹಾಕಿದರು. ಪತ್ರವನ್ನು, ಕುಂಕುಮ ಕೈಗೆ ಹತ್ತದ ಹಾಗೆ ಜೋಪಾನವಾಗಿ ಮಡಚಿ ನನಗೆ ಹಿಂತಿರುಗಿಸಿದರು. "ಟೆರೇಸಿನ ಮೇಲೆ ಹಗ್ಗ ಕಟ್ಟಿಕೊಂಡು ಅಂಚಿಗೆ ಹೋದರೆ ಹಿಂದೆ ಹಗ್ಗ ಹಿಡಿಯೋರು ಒಬ್ಬರು ಬೇಕು. ಅದು ಒಬ್ಬನ ಕೆಲಸ ಅಲ್ಲ. ಎರಡು ಪತ್ರ ತನ್ನಿ, ಇಬ್ಬರೂ ಒಟ್ಟಿಗೆ ಸಹಿ ಹಾಕ್ತೀವಿ."

ಒಂದು ಕ್ಷಣ ನನಗೆ ಕೆಟ್ಟ ಕೋಪ ಬಂತು. ಈ ಮನುಷ್ಯನಿಗಾಗಿ ನಾನು ಇಷ್ಟು ದಿನ ಮೆಟ್ಟಿಲು ಹತ್ತಿದ್ದೇನೆ. ಆಮೇಲೆ ನಗು ಬಂತು. ನನಗಿಂತ ಚೆನ್ನಾಗಿ ಕರಾರು ಓದಬಲ್ಲವರು ಹತ್ತೊಂಬತ್ತು ವರ್ಷ ನಾವು ಹತ್ತು ಎಣಿಸುವ ಮೊದಲೇ ಜನರೇಟರು ಹಾಕಲು ಆ ಶೆಡ್ಡಿಗೆ ಓಡುತ್ತಿದ್ದರು.

ಕರೆಂಟು ಹೋಗಿತ್ತು. ಲಿಫ್ಟಿನ ಬಾಗಿಲು ಅರ್ಧ ತೆರೆದು ನಿಂತಿತ್ತು. ಪತ್ರವನ್ನು ಸೆರಗಿನೊಳಗಿಟ್ಟುಕೊಂಡು ಹತ್ತತೊಡಗಿದೆ. ಎರಡನೇ ಹುದ್ದೆಗೆ ಕಂಪನಿ ಒಪ್ಪುವುದಕ್ಕೆ ಇನ್ನೂ ಒಂಬತ್ತು ದಿನ ಹಿಡಿಯಿತು, ಒಂಬತ್ತು ದಿನವೂ ಹೀಗೇ ಹತ್ತಬೇಕಾಯಿತು, ಆದರೆ ಅಂದು ಅದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು, ಇನ್‌ಹೇಲರ್ ಎಳೆದು, ಉಸಿರು ಹದಕ್ಕೆ ಬರುವವರೆಗೆ ಮೇಜಿನ ಮುಂದೆ ಕೂತೆ. ಕೈ ಅಭ್ಯಾಸದಂತೆ ಕಬ್ಬಿಣದ ಕಪಾಟಿನ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಖಾಲಿ ಹಾಳೆಯೊಂದನ್ನು ಮುಂದಿಟ್ಟುಕೊಂಡು, ಯಾವ ಫೈಲಿನಲ್ಲೂ ಇಲ್ಲದ ಒಂದು ಹೊಸ ವಾಕ್ಯ ಬರೆದೆ: ಟೆರೇಸಿನ ಮೇಲೆ ಇಬ್ಬರು.